ಬಟ್ಟೆ ಮುಟ್ಟಿ ಹೇಳುತ್ತಿದ್ದ ಅತ್ತೆ

ಮೊನ್ನೆ ಶುಕ್ರವಾರ ಪಕ್ಕದ ಮನೆಯವರು ಸಾಂಬ್ರಾಣಿ ಹಾಕಿದರು. ಹೊಗೆ ಜೀವನ್ ಬಿಮಾ ನಗರದ ನಮ್ಮ ಮನೆಯ ಕಿಟಕಿಯೊಳಗೆ ಬಂದದ್ದೇ ತಡ, ಹಲಸೂರಿನ ಓಣಿ ನೆನಪಾಯಿತು. ಅಲ್ಲಿ ಎದುರುಮನೆ ಅತ್ತೆಯ ನಡುಮನೆ, ಅಣ್ಣನ ಅಂಗಿ ಹಿಡಿದು ಕೂತ ಅಮ್ಮ...

ಯುದ್ಧದ ಕಾಲ. ವಿಮಾನ ಕಾರ್ಖಾನೆಯ ಕೆಲಸ ಬಿಟ್ಟು ಅಣ್ಣ ಸೈನ್ಯ ಸೇರಿ ಬರ್ಮಾ ಕಡೆಗೆ ಹೋಗಿದ್ದ. ಕಾಗದ ಬರುವುದು ನಿಂತು ಒಂದು ಮಳೆಗಾಲವೇ ಕಳೆದಿತ್ತು. ಎದುರುಮನೆ ಅತ್ತೆ ನಮಗೆ ನೆಂಟರೇನಲ್ಲ, ಓಣಿಗೆಲ್ಲ ಅತ್ತೆ. ಮನುಷ್ಯ ತೊಟ್ಟ ಬಟ್ಟೆ ಮುಟ್ಟಿದರೆ ಅವನು ಬದುಕಿದ್ದಾನೋ ಇಲ್ಲವೋ ತಿಳಿಯುತ್ತದೆ ಎಂದು ಅವರೇ ಹೇಳಿಕೊಂಡಿದ್ದರು. ದಂಡು ಪ್ರದೇಶದ ಮೂಲೆಮೂಲೆಯಿಂದ ತಾಯಂದಿರು ಮಕ್ಕಳ ಅಂಗಿ ಹಿಡಿದು ಬರುತ್ತಿದ್ದರು. ಅತ್ತೆ ಸಾಂಬ್ರಾಣಿ ಹಾಕಿ, ಅಂಗಿಯನ್ನು ಮಡಿಲಲ್ಲಿಟ್ಟು ಕಣ್ಣು ಮುಚ್ಚುತ್ತಿದ್ದರು.

"ಇದಾನಮ್ಮಾ. ಬಿಸಿ ಇನ್ನೂ ಹಂಗೇ ಇದೆ."

ಅದೊಂದು ಮಾತು ಕೇಳಿದ ದಿನ ಅಮ್ಮ ನೆಮ್ಮದಿಯಾಗಿ ಊಟ ಮಾಡುತ್ತಿದ್ದಳು. ನನಗೆ ಮಾತ್ರ ಸುಳ್ಳು ಆಸೆ ಹುಟ್ಟಿಸುತ್ತಾರೆಂದು ಅತ್ತೆಯನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ಸುದ್ದಿ ಕೇಳಿ ಯಾವುದೋ ಕಾಲೇಜಿನ ಇಬ್ಬರು ಮೇಷ್ಟ್ರು ಅತ್ತೆಯನ್ನು ಪರೀಕ್ಷೆ ಮಾಡಲು ಬಂದರು. ಮನಸ್ಸಿನ ಶಕ್ತಿಗಳ ಬಗ್ಗೆ ಸಂಶೋಧನೆಯಂತೆ. ಅತ್ತೆ ಕಾಫಿ ಕೊಟ್ಟು ಕೂರಿಸಿದರು. ಓಣಿಯ ಹೆಂಗಸರೆಲ್ಲ ಬಾಗಿಲಲ್ಲಿ ನಿಂತೆವು. ಅಮ್ಮ ನನ್ನ ಕೈಯನ್ನು ಬಿಗಿಯಾಗಿ ಹಿಡಿದಿದ್ದಳು. ಅತ್ತೆ ಸೋತರೆ ಅಣ್ಣನ ಬಗ್ಗೆ ಹೇಳಿದ್ದೂ ಸುಳ್ಳಾಗುತ್ತಿತ್ತಲ್ಲ...

ಮೇಷ್ಟ್ರು ಗಂಟು ಬಿಚ್ಚಿ ಒಂದೊಂದೇ ಅಂಗಿ ಕೊಟ್ಟರು. ಅತ್ತೆ ಒಂದೊಂದಕ್ಕೂ "ಇದಾನೆ" ಎಂದರು. ಕೊನೆಗೆ ಹಿರಿಯ ಮೇಷ್ಟ್ರು ಕನ್ನಡಕ ತೆಗೆದು, "ಅಮ್ಮಾ, ಇದ್ರಲ್ಲಿ ಅರ್ಧ ಸತ್ತೋರ ಅಂಗಿ" ಎಂದರು. ಅವುಗಳನ್ನು ಎಲ್ಲಿಂದ ತಂದಿದ್ದರೋ...

ಅತ್ತೆ ತಬ್ಬಿಬ್ಬಾದರು. "ಸತ್ತೋರ ಬಟ್ಟೇನ ಯಾರ್ರೀ ಇಟ್ಕೋತಾರೆ? ಕರ್ಮ ಆದ್ಮೇಲೆ ಕೊಟ್ಬಿಡ್ತಾರಲ್ಲ!"

ಅವರ ವಿದ್ಯೆ ಇಷ್ಟೇ ಎಂದು ಎಲ್ಲರಿಗೂ ಗೊತ್ತಾಯಿತು. ಅಂಗಿ ಇನ್ನೂ ಮನೆಯಲ್ಲಿದ್ದರೆ ಮಗ ಬದುಕಿದ್ದಾನೆ, ಅಷ್ಟೇ. ಯಾರೋ ಕಿಸಕ್ಕನೆ ನಕ್ಕರು. ಅಮ್ಮ ನಗಲಿಲ್ಲ.

ಮುಂದಿನ ಶುಕ್ರವಾರ ಅವಳು ಮತ್ತೆ ಅಂಗಿ ತೆಗೆದುಕೊಂಡು ಹೊರಟಾಗ ನನಗೆ ರೇಗಿತು. "ಎಲ್ಲಾ ಸುಳ್ಳು ಅಂತ ಗೊತ್ತಾಯ್ತಲ್ಲಮ್ಮಾ!"

"ಗೊತ್ತು ಕಣೇ. ಆದ್ರೆ ಅವನು ಇದಾನೆ ಅನ್ನೋರು ಇನ್ಯಾರಿದಾರೆ, ಹೇಳು?"

ಕೆಲವು ತಿಂಗಳಿಗೆ ತಂತಿ ಬಂತು. ಕರ್ಮ ಮುಗಿದ ದಿನ ಅಣ್ಣನ ಬಟ್ಟೆಗಳನ್ನೆಲ್ಲ ಕೊಟ್ಟುಬಿಡಲು ಗಂಟು ಕಟ್ಟಿಟ್ಟಿದ್ದೆವು. ಅತ್ತೆ ಬಂದರು. ಯಾರನ್ನೂ ಕೇಳದೆ ಗಂಟು ಬಿಚ್ಚಿ, ಅವನು ಕಾರ್ಖಾನೆಗೆ ತೊಡುತ್ತಿದ್ದ ಖಾಕಿ ಅಂಗಿಯನ್ನು ತೆಗೆದು ಅಮ್ಮನ ಮಡಿಲಲ್ಲಿಟ್ಟರು. "ಇದೊಂದನ್ನ ಕೊಡ್ಬೇಡಮ್ಮಾ" ಎಂದವರೇ ಜೋರಾಗಿ ಅತ್ತುಬಿಟ್ಟರು. ಅವರ ಮೇಲೆ ಇದ್ದ ನನ್ನ ಸಿಟ್ಟೆಲ್ಲ ಅವತ್ತೇ ಇಳಿಯಿತು.

ಅತ್ತೆ ಹೋದರು, ಅಮ್ಮನೂ ಹೋದಳು. ಇಬ್ಬರೂ ಇಲ್ಲದ ಖಾಲಿತನ ಈ ವಯಸ್ಸಿನಲ್ಲೂ ನನ್ನನ್ನು ಕಾಡುತ್ತದೆ. ಅಂಗಿ ನನ್ನ ಟ್ರಂಕಿಗೆ ಬಂದಿದೆ. ಮೊನ್ನೆ ಅದನ್ನು ತೆಗೆದು ಮಡಿಲಲ್ಲಿಟ್ಟುಕೊಂಡೆ. ಬಿಸಿಯೇನೂ ಇರಲಿಲ್ಲ.

ಪುಟ್ಟ ಮೊಮ್ಮಗಳು ಬಂದು, "ಇದು ಯಾರ್ದಜ್ಜಿ?" ಎಂದಳು.

"ನಮ್ಮಣ್ಣಂದು."

"ಅವರು ಇದಾರಾ?"

ಇಲ್ಲ ಎನ್ನಬೇಕಿತ್ತು. "ಇದಾನೆ" ಎಂದೆ.