ಶಾಂತವ್ವನ ಮಾತು ನಿಂತ ಒಂಬತ್ತು ದಿನ

ಅದು 2019. ಮಂಡ್ಯದಿಂದ ಪುಣೆಗೆ ಬಂದು ನನಗೆ ಎಂಟು ತಿಂಗಳಾಗಿತ್ತು. ಅಲ್ಲಿನ ಕ್ಯಾಂಪ್ ಬಡಾವಣೆಯಲ್ಲಿ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ನಮ್ಮ ಐದು ಜನರ ಕಂಪನಿ. ಬೆಳಗ್ಗೆ ಮೆಟ್ಟಿಲು ಹತ್ತುವಾಗ ಬರುತ್ತಿದ್ದ ಬಿಸಿ ಬನ್ನಿನ ವಾಸನೆ ಈಗಲೂ ನೆನಪಿದೆ. ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡವರಿಗಾಗಿ ಒಂದು ಮೊಬೈಲ್ ಆ್ಯಪ್ ಮಾಡಿದ್ದೆವು. ಚಿತ್ರ ಒತ್ತಿದರೆ ಫೋನೇ ಮಾತಾಡುತ್ತಿತ್ತು, ಮರಾಠಿಯಲ್ಲಿ, ಕನ್ನಡದಲ್ಲಿ.

ಆ್ಯಪಿನ ಹೊಸ ಆವೃತ್ತಿ ಬಿಟ್ಟ ವಾರಕ್ಕೆ ಪುಣೆ ಹತ್ತಿರದ ದೌಂಡ್ ಊರಿನಿಂದ ಕನ್ನಡದಲ್ಲೊಂದು ದೂರು ಬಂತು. "ಆ್ಯಪ್ ತೆಗದ ಕೂಡ್ಲೇ ಮುಚ್ಚಿಕೊಳ್ತದ್ರಿ. ನಮ್ಮನಿಯಾಕಿ ಮಾತು ನಿಂತದ." ಆಫೀಸಿನ ಎಲ್ಲ ಫೋನುಗಳಲ್ಲೂ ಅದು ಚೆನ್ನಾಗಿಯೇ ಓಡುತ್ತಿತ್ತು. ಹೆಚ್ಚು ಯೋಚಿಸದೆ ಉತ್ತರ ಬರೆದೆ: "ನಮ್ಮಲ್ಲಿ ಸರಿಯಾಗಿದೆ. ನಿಮ್ಮ ಫೋನ್ ಹಳೆಯದು, ಬದಲಾಯಿಸಿ ನೋಡಿ."

ಎರಡು ದಿನ ಬಿಟ್ಟು ಬೆಳಗ್ಗೆ ಹನ್ನೊಂದಕ್ಕೆ ವಯಸ್ಸಾದ ಗಂಡಹೆಂಡತಿ ಬಾಗಿಲಲ್ಲಿ ನಿಂತಿದ್ದರು. ರೈಲ್ವೆಯಿಂದ ನಿವೃತ್ತರಾದ ಬಸಪ್ಪ, ಅವರ ತೋಳು ಹಿಡಿದ ಶಾಂತವ್ವ.

"ಕನ್ನಡದಾಗ ಉತ್ತರಾ ಕಳಿಸಿದವ್ರು ಯಾರ್ರಿ?" ಎಂದರು ಬಸಪ್ಪ.

ಮುಖ ಎಲ್ಲಿಟ್ಟುಕೊಳ್ಳಲಿ ಅನ್ನಿಸಿತು. "ನಾನೇ ಸರ್, ಸಾರಿ" ಎಂದೆ.

"ಸಿಟ್ಟಿಲ್ಲವಾ. ಹೊಸಾ ಫೋನ್ ಆಕಿಗೆ ತಿಳಿಯೂದಿಲ್ಲ. ಎಡಗೈಲೆ ಇದೊಂದ ರೂಢಿ ಆಗೇದ. ಒಂಬತ್ತ ದಿನ ಆತು, ಹಸಿವಿ ಅಂತಾಳೋ, ನೋವು ಅಂತಾಳೋ, ಗೊತ್ತಾಗವಲ್ದು."

ಆ ಫೋನನ್ನು ಕೇಬಲ್ಲಿನಿಂದ ಕಂಪ್ಯೂಟರಿಗೆ ಸೇರಿಸಿ ನೋಡಿದೆ. ಆ್ಯಪ್ ತಾನೇ ಬರೆದಿಡುವ ಲಾಗ್‌ನಲ್ಲೇ ಕಾರಣ ಇತ್ತು: ದನಿ ಹೊರಡಿಸುವ ಕೋಡಿನ ತುಂಡು, ಲೈಬ್ರರಿಯೇ ಸಿಗುತ್ತಿಲ್ಲ. ಅದನ್ನು 64 ಬಿಟ್ ಫೋನುಗಳಿಗೊಂದು, ಹಳೆಯ 32 ಬಿಟ್ ಫೋನುಗಳಿಗೊಂದು ಎಂದು ಬೇರೆಬೇರೆ ಬಿಲ್ಡ್ ಮಾಡಿ, ಅಂದರೆ ಕಟ್ಟಿ, ಆ್ಯಪಿಗೆ ಸೇರಿಸಬೇಕು. ಹೊಸ ಆವೃತ್ತಿಯಲ್ಲಿ ಹಳೆಯವಕ್ಕೆ ಬೇಕಾದದ್ದನ್ನು ಬಿಟ್ಟವಳು ನಾನೇ. ಆಫೀಸಿನಲ್ಲಿ ಅಂಥ ಒಂದು ಫೋನೂ ಇಲ್ಲದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ.

ಸೇರಿಸಿದೆ. ಆ್ಯಪ್ ಮತ್ತೆ ಮುಚ್ಚಿಕೊಂಡಿತು. ಈಗ ಲೈಬ್ರರಿ ಸಿಕ್ಕಿತ್ತು, ಆದರೆ ಅದಕ್ಕೆ ಜೊತೆಯಾಗಬೇಕಿದ್ದ ಇನ್ನೊಂದು ಲೈಬ್ರರಿ ಹಳೆಯ ಆವೃತ್ತಿಯದು, ಒಂದಕ್ಕೊಂದು ಕೂಡುತ್ತಿರಲಿಲ್ಲ. ಎರಡನ್ನೂ ಹೊಸದಾಗಿ ಬಿಲ್ಡ್ ಮಾಡಲು ಕೂತೆ. ಶಾಂತವ್ವ ಪಕ್ಕದ ಕುರ್ಚಿಯಲ್ಲಿ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಅವಸರದಲ್ಲಿ ತಪ್ಪು ಒತ್ತಿ ಮತ್ತೆ ಅಳಿಸುತ್ತಿದ್ದೆ. ಬಸಪ್ಪ ಮಾತ್ರ, "ಸಾವಕಾಶ ಮಾಡವಾ, ಸಂಜಿಗೆ ಗಾಡಿ ಅದ" ಎನ್ನುತ್ತಿದ್ದರು.

ಮೂರೂವರೆಗೆ ಆ್ಯಪ್ ತೆರೆದುಕೊಂಡಿತು. ಮುಚ್ಚಲಿಲ್ಲ.

ಫೋನನ್ನು ಶಾಂತವ್ವನ ಕೈಗೆ ಕೊಟ್ಟೆ. ಗಂಡನಿಗೆ ಹೇಳುವುದು ಎಷ್ಟೋ ಇರುತ್ತದೆ ಅಂದುಕೊಂಡಿದ್ದೆ. ಅವರು ನನ್ನ ಕಡೆ ತಿರುಗಿ, ಎಡಗೈ ಬೆರಳಿನಿಂದ ನಿಧಾನವಾಗಿ ಊಟದ ತಟ್ಟೆಯ ಚಿತ್ರ ಒತ್ತಿದರು. ಆಮೇಲೆ ಪ್ರಶ್ನೆಯ ಗುರುತು.

"ಊಟ ಆಯಿತೇ?" ಎಂದಿತು ಫೋನು.

ಆಗಿರಲಿಲ್ಲ. ಇಲ್ಲವೆಂದು ತಲೆಯಾಡಿಸಿದೆ. ಬಸಪ್ಪ ನಕ್ಕು ಚೀಲದಿಂದ ಜೋಳದ ರೊಟ್ಟಿ, ಶೇಂಗಾ ಚಟ್ನಿ ತೆಗೆದರು. ಮೂವರೂ ನನ್ನ ಮೇಜಿನ ಮೇಲೇ ಉಂಡೆವು.

ಆ ಕಂಪನಿ ಈಗಿಲ್ಲ. ಅವರನ್ನು ಮತ್ತೆ ನೋಡಲೂ ಇಲ್ಲ. ಆಮೇಲೆ ಎಷ್ಟೋ ದೊಡ್ಡ ತೊಡಕುಗಳನ್ನು ಬಿಡಿಸಿ ಹೊಗಳಿಸಿಕೊಂಡಿದ್ದೇನೆ, ಒಂದೂ ಸರಿಯಾಗಿ ನೆನಪಿಲ್ಲ. ಏರಿಳಿತವಿಲ್ಲದ ಆ ಯಂತ್ರದ ದನಿ ಮಾತ್ರ ಕಿವಿಯಲ್ಲಿ ಉಳಿದಿದೆ. ಪುಣೆಗೆ ಬಂದ ಮೇಲೆ ಊಟ ಆಯಿತೇ ಎಂದು ನನ್ನನ್ನು ಕೇಳಿದ ಮೊದಲಿಗರು ಮಾತು ಬಾರದ ಶಾಂತವ್ವ.