ಅಜ್ಜಿ ಮನೆ ಬಾಗಿಲಿಗೊಂದು ಒದೆ

ಕಂಡಕ್ಟರಮ್ಮನ ಬಾಯಿ ಎಂಥದ್ದೆಂದು ಬಸ್ ಡಿಪೋದಲ್ಲಿ ಎಲ್ಲರಿಗೂ ಗೊತ್ತು. ಅಂಥ ಬಾಯಿಯೂ ಒಂದು ಸಲ ಕಟ್ಟಿಹೋಗಿತ್ತು, ಅತ್ತೆಯ ಮನೆ ಬಾಗಿಲಲ್ಲಿ. ಕಾಲು ಸ್ವಾಧೀನವಿಲ್ಲದ ಮಗಳನ್ನು ಸೊಂಟದ ಮೇಲೆ ಹೊತ್ತು ನಿಂತಿದ್ದವಳಿಗೆ ಅತ್ತೆ, ನೆಂಟರೆಲ್ಲರ ಎದುರು, "ಆ ಮೂಟೇನ ಹೊರಗೆ ಬೆಂಚಿನ ಮೇಲೆ ಇಳಿಸು. ನಡೆಯೋ ಮಕ್ಕಳು ಮೊದಲು ಒಳಗೆ ಬರ್ಲಿ" ಅಂದುಬಿಟ್ಟಳು. ಗಂಡನೆಂಬ ಮಹಾರಾಯ ತನ್ನ ಚಪ್ಪಲಿ ನೋಡುತ್ತ ನಿಂತಿದ್ದ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಈ ಹೊಸ್ತಿಲನ್ನು ನನ್ನ ಮಗಳು ತನ್ನ ಕಾಲಲ್ಲೇ ದಾಟಬೇಕು, ಅಲ್ಲಿಯವರೆಗೆ ನಾನೂ ಇತ್ತ ತಲೆಹಾಕುವುದಿಲ್ಲ ಎಂದು ಹಲ್ಲು ಕಡಿಯುತ್ತ ವಾಪಸು ಹೋದಳು.

ಡ್ಯೂಟಿ ಮುಗಿದದ್ದೇ ತಡ, ಯೂನಿಫಾರ್ಮಿನಲ್ಲೇ ಫಿಸಿಯೋಥೆರಪಿ ಕೋಣೆಗೆ ಓಟ. ಅಲ್ಲಿನ ರೋಬೋಟ್ ಯಂತ್ರ ಮಗುವನ್ನು ಬೆಲ್ಟಿನಲ್ಲಿ ಮೇಲಿಂದ ಎತ್ತಿ ಹಿಡಿದು, ಪುಟ್ಟ ಕಾಲುಗಳಿಗೆ ಲೋಹದ ಕಾಲು ಕಟ್ಟಿ, ಉರುಳುವ ಪಟ್ಟಿಯ ಮೇಲೆ ನಡೆಸುತ್ತಿತ್ತು. ಮಗಳೋ, ಮಹಾರಾಣಿಯ ಹಾಗೆ ಜೋತುಬಿದ್ದು ನಡೆಸಿಕೊಳ್ಳುತ್ತಿದ್ದಳು.

"ಮೆಷಿನ್ ನಡೀತಿದೆ, ಇವಳು ಸವಾರಿ ಮಾಡ್ತಿದಾಳೆ," ಎಂದಳು ಥೆರಪಿಸ್ಟ್. "ಇವಳೇ ಕಾಲು ತಳ್ಳಬೇಕು. ಏನಾದ್ರೂ ಹೇಳಿ ಹುರಿದುಂಬಿಸಿ."

"ಒದಿ ಮಗಳೇ! ಅಜ್ಜಿ ಮನೆ ಬಾಗಿಲು ಅಂದ್ಕೊಂಡು ಒದಿ!"

ಮಗು ಕಿಲಕಿಲ ನಕ್ಕು ಒದ್ದಿತು. ಯಂತ್ರದ ಪರದೆಯ ಮೇಲೆ ಅವಳ ಕಾಲಿನ ಬಲ ತೋರಿಸುವ ಗೆರೆ ಚಂಗನೆ ಮೇಲೇರಿತು.

"ಅಯ್ಯೋ, 'ಬಾ ಚಿನ್ನ' ಅನ್ನಬಾರ್ದಾ?"

"ನಿಮ್ಮ ಮೆಷಿನ್ ಕರೆಂಟಲ್ಲಿ ಓಡುತ್ತೆ ಮೇಡಂ, ನಾವು ಸಿಟ್ಟಲ್ಲಿ ಓಡ್ತೀವಿ."

ಥೆರಪಿಸ್ಟ್ ನಗು ತಡೆದುಕೊಂಡು, ಮಗು ಒದ್ದಷ್ಟೂ ಯಂತ್ರದ ಬಲ ಇಳಿಸುತ್ತ ಹೋದಳು. ಒಂದು ದಿನ ಬೆಲ್ಟನ್ನೂ ಬಿಚ್ಚಿದಳು. ಮಗು ಪುಟ್ಟ ಊರುಗೋಲು ಹಿಡಿದು ನೆಲದ ಮೇಲೆ ನಡೆಯಿತು. ಆದರೆ ಎಲ್ಲಾದರೂ ತಡೆದು ನಿಂತರೆ ಮುಗಿಯಿತು, ಅಮ್ಮನ 'ಒದಿ ಮಗಳೇ' ಕಿವಿಗೆ ಬೀಳದ ಹೊರತು ಕಾಲು ಮೇಲೇಳುತ್ತಿರಲಿಲ್ಲ.

ಕಂಡಕ್ಟರಮ್ಮ ಕಾದಿದ್ದ ದಿನ ಬಂತು. ಅದೇ ಬಾಗಿಲು, ಅದೇ ನೆಂಟರು, ಒಳಗೆ ಕುರ್ಚಿಯಲ್ಲಿ ಅತ್ತೆ. ಊರುಗೋಲುಗಳು ಟಕ್ ಟಕ್ ಎಂದು ಬಂದು, ಹಾಳಾದ್ದು, ಹೊಸ್ತಿಲ ಮುಂದೆ ನಿಂತೇಬಿಟ್ಟವು.

"ನಾನು ಹೇಳಲಿಲ್ವಾ?" ಎಂದಳು ಅತ್ತೆ ಪಕ್ಕದವರಿಗೆ. "ಎತ್ಕೊಂಡು ಬಾರೇ, ಸಾಕು ನಾಟಕ."

ಗಂಡ ಮಗುವನ್ನು ಎತ್ತಲು ಬಾಗಿದ. ಕಂಡಕ್ಟರಮ್ಮ ಅವನ ಕೈ ತಳ್ಳಿದಳು. ಬಸ್ಸಿನ ಕೊನೆಯ ಸೀಟಿಗೂ ಕೇಳಿಸುವ ಗಂಟಲಲ್ಲಿ ಕೂಗಿದಳು: "ಒದಿ ಮಗಳೇ! ಅಜ್ಜಿ ಮನೆ ಬಾಗಿಲು ಒದಿ!"

ಮಗುವಿನ ಒಂದು ಕಾಲು ಎದ್ದು ಹೊಸ್ತಿಲಾಚೆ ಬಿತ್ತು, ಹಿಂದೆಯೇ ಇನ್ನೊಂದು. ಅತ್ತೆಯ ಮುಖ ಇಂಗು ತಿಂದ ಮಂಗನಂತಾಯಿತು. ಮಗು ನೇರ ಅವಳ ಕುರ್ಚಿಯವರೆಗೆ ನಡೆದು, ತಿರುಗಿ ಮುದ್ದಾಗಿ ಕೇಳಿತು: "ಅಮ್ಮಾ, ಅಜ್ಜೀನೂ ಒದೀಲಾ?"

"ಬೇಡ ಬಂಗಾರ," ಎಂದಳು ಕಂಡಕ್ಟರಮ್ಮ. "ಆಗ್ಲೇ ತಗಲಿದೆ."