ಜಲಜಮ್ಮನ ಗುಂಡಿ ಡಬ್ಬಿ

ಜಲಜಮ್ಮನ ಕತ್ತರಿಗೆ ಕಾಗದನಗರದಲ್ಲೆಲ್ಲ ಒಳ್ಳೆಯ ಹೆಸರು. ಜಲಜಮ್ಮನಿಗೆ ಮಾತ್ರ ಅದೇ ಕತ್ತರಿಯಿಂದ ಕೆಟ್ಟ ಹೆಸರು. ಊರ ಬಾಯಿಗೆ ಮುಚ್ಚಳ ಉಂಟೇ?

ನಡೆದದ್ದು ಇಷ್ಟೇ. ಮಗ ಆನಂದ ಹೊಟ್ಟೆಯಲ್ಲಿದ್ದಾಗ ಸೂರ್ಯಗ್ರಹಣ ಬಂತು. ಬಸುರಿ ಹೆಂಗಸು ಗ್ರಹಣದ ಹೊತ್ತಿನಲ್ಲಿ ಕತ್ತರಿ, ಚಾಕು, ಸೂಜಿ ಮುಟ್ಟಬಾರದೆಂದು ಯಾರಿಗೆ ಗೊತ್ತಿಲ್ಲ? ಅವಳಿಗೂ ಗೊತ್ತಿತ್ತು. ಆದರೆ ಮರುದಿನ ಮದುಮಗಳೊಬ್ಬಳ ರವಿಕೆ ಕೊಡಬೇಕಿತ್ತು, ತೋಳು ಇನ್ನೂ ಕತ್ತರಿಸಿರಲಿಲ್ಲ. ಬಾಗಿಲು ಹಾಕಿಕೊಂಡು ಎರಡು ತೋಳು ಕತ್ತರಿಸಿದಳು. ಅದನ್ನು ಅತ್ತೆ ಹಾಲಮ್ಮ ಕಿಟಕಿಯಿಂದ ನೋಡಿದಳು. ಆನಂದನಿಗೆ ಹತ್ತು ತುಂಬಿ, ಸಂಜೆಯಾದರೆ ಗೋಡೆ ಹಿಡಿದು ನಡೆಯತೊಡಗಿದಾಗ ಹಾಲಮ್ಮ ಓಣಿಗೆಲ್ಲ ಕೇಳುವಂತೆ ಹೇಳಿದಳು: "ಗ್ರಹಣದಾಗೆ ರವಿಕೆ ತೋಳು ಕತ್ತರಿಸಲಿಲ್ಲ ಇವಳು, ಹೊಟ್ಟೇಲಿರೋ ಕೂಸಿನ ಕಣ್ಣು ಕತ್ತರಿಸಿದ್ಲು."

ಆ ಮಾತನ್ನು ಜಲಜಮ್ಮ ನಂಬಿದಳು. ನಂಬದೆ ಏನು ಮಾಡಿಯಾಳು? ಹೇಳಿದವಳು ಬರೀ ಅತ್ತೆಯಲ್ಲ, ಅವಳ ಹೆತ್ತ ತಾಯಿಯ ತಾಯಿ. ಗಂಡ ಜಯಪ್ಪ ಸ್ವಂತ ಸೋದರಮಾವ. ಅಜ್ಜಿಯ ಮನೆಗೇ ಸೊಸೆಯಾಗಿ ಬಂದವಳಿಗೆ ತಾಳಿ ಬಿದ್ದ ದಿನವೇ ಹಾಲಮ್ಮ ತಾಕೀತು ಮಾಡಿದ್ದಳು: "ಇನ್ನು ಅಜ್ಜಿ ಗಿಜ್ಜಿ ಅನ್ನಬೇಡ, ಅತ್ತೆ ಅನ್ನು." ಅಂದಿನಿಂದ ಅತ್ತೆ. ಸಾಕಿದವಳು ಸುಳ್ಳು ಹೇಳಿಯಾಳೇ?

ಆನಂದನ ಕಣ್ಣಿನ ಚೋದ್ಯವೇ ಬೇರೆ. ಹಗಲಲ್ಲಿ ಸೂಜಿಗೆ ದಾರ ಪೋಣಿಸಿ ಅಮ್ಮನಿಗೆ ಹುಕ್ಕು ಹಾಕಿಕೊಡುತ್ತಾನೆ. ಪಕ್ಕದಲ್ಲೇ ಇಟ್ಟ ಕೊಡ ಎಡವಿ ಬೀಳುತ್ತಾನೆ. "ಸೂಜಿ ಕಾಣ್ಸುತ್ತಂತೆ, ಕೊಡ ಕಾಣ್ಸಲ್ವಂತೆ! ನಾಟಕ ಮಾರಾಯ್ತಿ, ನಾಟಕ" ಎಂದು ಪಕ್ಕದ ಮನೆಯ ಹುಲಿಗೆಮ್ಮ ನಗುತ್ತಿದ್ದಳು. ಜಲಜಮ್ಮ ಹಲ್ಲು ಕಚ್ಚಿಕೊಂಡು ಮಿಶಿನ್ ತುಳಿಯುತ್ತಿದ್ದಳು.

ಮಗಳು ರಕ್ಷಾಳನ್ನು ನೋಡಲು ಹೊರಗಿನವರು ಬಂದರು, ಉಪ್ಪಿಟ್ಟು ತಿಂದರು, ಅಣ್ಣ ಎಡವುವುದನ್ನು ನೋಡಿದರು, ಹೋದರು. ಮತ್ತೆ ಫೋನಿಲ್ಲ. ಹೀಗೇ ಆಗುತ್ತಾ ಬಂದಾಗ ಜಲಜಮ್ಮ ತನ್ನ ತಮ್ಮ ಯುವರಾಜನನ್ನೇ ಹಿಡಿದಳು. ಸೋಗಾನೆಯ ಏರ್‌ಪೋರ್ಟಿನಲ್ಲಿ ಲಗೇಜು ಸಾಗಿಸುವ ಕೆಲಸ ಅವನದು, ಒಳ್ಳೆಯ ಹುಡುಗ. "ನೀನೇ ಮಾಡ್ಕೊಂಡು ಬಿಡೋ. ಕುರುಡಿನ ಮನೆ ಅಂದ್ರೆ ಹೊರಗಿನೋರು ಯಾರು ಹೆಣ್ಣು ತಗೋತಾರೆ? ಮನೇದು ಮನೇಲೇ ಇರ್ಲಿ" ಎಂದಳು. ಅವನು ಹೂಂ ಅಂದ. ರಕ್ಷಾ ಏನೂ ಅನ್ನಲಿಲ್ಲ. ಅಂದಿಲ್ಲವೆಂದರೆ ಒಪ್ಪಿದ ಹಾಗೆ ಎಂದು ನಮ್ಮಲ್ಲಿ ಲೆಕ್ಕ. ಕಾರ್ತಿಕದಲ್ಲಿ ಮದುವೆ ಎಂದಾಯಿತು.

ಹರಕೆ, ತಾಯಿತ, ಕ್ಯಾರೆಟ್ ರಸ ಎಲ್ಲ ಮುಗಿದಿದ್ದವು. ಕೊನೆಗೆ ರಕ್ಷಾಳೇ ಅಣ್ಣನನ್ನು ಬಸ್ಸು ಹತ್ತಿಸಿ ಶಿವಮೊಗ್ಗದ ಕಣ್ಣಾಸ್ಪತ್ರೆಗೆ ಕರೆದೊಯ್ದಳು. ಡಾಕ್ಟರು ಕಣ್ಣಿಗೆ ಹನಿ ಹಾಕಿ, ಬೆಳಕು ಬಿಟ್ಟು ನೋಡಿದರು. ಕಣ್ಣಿನ ಹಿಂದಿನ ಪರದೆ, ಅಂದರೆ ರೆಟಿನಾ, ಅಂಚಿನಿಂದ ಒಳಕ್ಕೆ ಸಾಯುತ್ತಾ ಬಂದಿದೆ, ನಡುವೆ ಉಳಿದ ಕಿಂಡಿಯಲ್ಲಿ ಮಾತ್ರ ಅವನಿಗೆ ಕಾಣುತ್ತಿದೆ ಎಂದರು. ಇಂಥ ಮನೆತನಗಳ ರಕ್ತ ಪರೀಕ್ಷಿಸಿ ಕಾರಣವನ್ನೂ ಔಷಧಿಯನ್ನೂ ಹುಡುಕುವ ಸಂಶೋಧಕರ ಗುಂಪೊಂದಿದೆ, ಅವರಲ್ಲೊಬ್ಬರು ಮನೆಗೇ ಬರುತ್ತಾರೆ ಎಂದೂ ಹೇಳಿದರು.

ಬಂದವಳು ಮೇಧಾ ಎಂಬ ಹುಡುಗಿ. ಜಯಪ್ಪ ನವುಲೆಯಲ್ಲಿ ವಾಚ್‌ಮನ್ ಡ್ಯೂಟಿಗೆ ಹೋಗಿದ್ದ, ಯುವರಾಜ ಏರ್‌ಪೋರ್ಟಿಗೆ. ಮಿಕ್ಕವರೆಲ್ಲ ಮಿಶಿನ್ ಸುತ್ತ ಕೂತಿದ್ದರು. ಮಿಶಿನ್ ಮೇಲೆ ರಕ್ಷಾಳ ಮದುವೆಯ ರವಿಕೆ ಅರ್ಧ ಹೊಲಿದು ಬಿದ್ದಿತ್ತು.

"ನಿಮ್ಮ ಯಜಮಾನ್ರು ನಿಮಗೆ ಮೊದಲೇ ಸಂಬಂಧನಾ ಅಮ್ಮಾ?"

"ಸೋದರಮಾವ. ಇವರು ನಮ್ಮತ್ತೆ, ನಮ್ಮಮ್ಮನ ಅಮ್ಮ."

ಮೇಧಾ ತಬ್ಬಿಬ್ಬಾದಳು. ಆನಂದ ನಕ್ಕ: "ನನಗೆ ಅಜ್ಜಿನೂ ಹೌದು, ಮುತ್ತಜ್ಜಿನೂ ಹೌದು ಮೇಡಂ. ಒಂದೇ ಟಿಕೆಟಿಗೆ ಎರಡು ಸೀಟು!"

"ಇರಿ, ತೋರಿಸ್ತೀನಿ" ಎಂದು ಜಲಜಮ್ಮ ಗುಂಡಿ ಡಬ್ಬಿಯನ್ನು ಮೇಜಿನ ಮೇಲೆ ಸುರಿದಳು. ಒಬ್ಬೊಬ್ಬರಿಗೆ ಒಂದೊಂದು ಬಿಳಿ ಗುಂಡಿ. ಮೇಲೆ ಹಾಲಮ್ಮ. ಅವಳ ಕೆಳಗೆ ಇಬ್ಬರು ಮಕ್ಕಳು: ಜಲಜಮ್ಮನ ತಾಯಿ, ಜಯಪ್ಪ. ತಾಯಿಯ ಕೆಳಗೆ ಜಲಜಮ್ಮ, ಯುವರಾಜ. ತನ್ನ ಗುಂಡಿಯನ್ನು ಜಯಪ್ಪನ ಪಕ್ಕಕ್ಕೆ ಸರಿಸಿ, ಕೆಳಗೆ ರಕ್ಷಾಳಿಗೆ ಬಿಳಿಯದು, ಆನಂದನಿಗೆ ಕರಿಯದು ಇಟ್ಟಳು.

ಮೇಧಾ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಎತ್ತಿಕೊಂಡಳು. ಹಾಲಮ್ಮನ ಗುಂಡಿಯಿಂದ ಒಂದು ಗೆರೆ ಜಯಪ್ಪನ ಮೇಲೆ ಹಾದು ಆನಂದನಿಗೆ. ಇನ್ನೊಂದು ಗೆರೆ ಜಲಜಮ್ಮನ ತಾಯಿ, ಜಲಜಮ್ಮ, ಮತ್ತೆ ಅದೇ ಆನಂದನಿಗೆ.

"ಈ ಕಾಯಿಲೆಯ ದೋಷ ಒಂದು ಕಡೆಯಿಂದ ಮಾತ್ರ ಬಂದ್ರೆ ಕಣ್ಣಿಗೆ ಏನೂ ಆಗಲ್ಲಮ್ಮಾ. ಹೊತ್ತುಕೊಂಡವರಿಗೂ ಗೊತ್ತಾಗಲ್ಲ. ಅಪ್ಪ ಅಮ್ಮ ಇಬ್ಬರಿಂದಲೂ ಬಂದ್ರೆ ಹೀಗಾಗುತ್ತೆ. ರಕ್ತ ನೋಡಿದ ಮೇಲೆ ಖಚಿತ ಹೇಳ್ತೀವಿ. ಆದ್ರೆ ನೋಡಿ, ಎರಡು ದಾರಿನೂ ಒಂದೇ ಕಡೆಯಿಂದ ಹೊರಟಿದೆ."

ಜಲಜಮ್ಮ ಕೇಳಿದಳು: "ಮತ್ತೆ ಗ್ರಹಣ?"

"ಯಾವ ಗ್ರಹಣ?"

ಜಲಜಮ್ಮ ಹೇಳಿದಳು. ಮೇಧಾ ಅವಳ ಕೈ ಹಿಡಿದುಕೊಂಡು ಅಂದಳು: "ಗ್ರಹಣಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ನೀವು ಕತ್ತರಿ ಮುಟ್ಟದೇ ಇದ್ರೂ ಇದು ಹೀಗೇ ಆಗ್ತಿತ್ತು."

ಜಲಜಮ್ಮ ಮಿಶಿನ್ ಮೇಲಿನ ಕತ್ತರಿಯನ್ನೇ ನೋಡಿದಳು. ಅಳುವೂ ಬರಲಿಲ್ಲ. ಅಷ್ಟರಲ್ಲಿ ಏನೂ ಅನ್ನದ ಹುಡುಗಿ ರಕ್ಷಾ ಕೈ ಚಾಚಿ, ತನ್ನ ಗುಂಡಿಯನ್ನೂ ಯುವರಾಜನ ಗುಂಡಿಯನ್ನೂ ಜೋಡಿಸಿಟ್ಟಳು.

"ಮೇಡಂ, ಇವೆರಡನ್ನ ಹೀಗಿಟ್ರೆ?"

ಮೇಧಾ ಸೀಮೆಸುಣ್ಣ ಕೆಳಗಿಟ್ಟಳು. "ಮದುವೆ ಗೊತ್ತಾಗಿದೆಯಾ? ಮೊದಲು ಇಬ್ಬರ ರಕ್ತವನ್ನೂ ನೋಡ್ಬೇಕು. ಇಬ್ಬರೂ ಹೊತ್ತಿದ್ರೆ, ಹುಟ್ಟೋ ಒಂದೊಂದು ಮಗುಗೂ ನಾಲ್ಕರಲ್ಲೊಂದು ಪಾಲು ಇದೇ ಭಯ. ವಾಸಿ ಮಾಡೋ ಔಷಧಿ ಇವರಿಗೆ ಇವತ್ತಿಗೆ ಇಲ್ಲ. ಹುಡುಕ್ತಾ ಇದೀವಿ."

ಮಗಳನ್ನು ಕಾಪಾಡಲೆಂದು ಅಷ್ಟು ಕಾಡಿ ಬೇಡಿ ಕೂಡಿಸಿದ ಸಂಬಂಧವಲ್ಲವೇ ಇದು! ಜಲಜಮ್ಮ ರೇಗಿಬಿಟ್ಟಳು: "ಏನ್ರೀ ಇದು, ಬಾಯಿಗೆ ಬಂದಂಗೆ! ಇಷ್ಟು ಗುಂಡಿಲಿ ಕರೇದು ಒಂದೇ. ನಮ್ಮತ್ತೆ ಈ ವಯಸ್ಸಲ್ಲೂ ಅಕ್ಕಿಲಿ ಕಲ್ಲು ಆರಿಸ್ತಾರೆ. ಹಿಂದೆ ಯಾರಿಗೂ ಇಲ್ಲದ್ದು ನಮ್ಮ ವಂಶದ್ದು ಹೆಂಗಾಗುತ್ತೆ?"

ಮೇಧಾ ಬಾಯಿ ತೆರೆಯುವ ಮೊದಲೇ ಗೋಡೆಗೊರಗಿದ್ದ ಹಾಲಮ್ಮ ಅಂದಳು:

"ಇನ್ನೊಂದು ಕರೇದು ಇಡೇ ಜಲಜಾ. ನನ್ನ ಪಕ್ಕಕ್ಕೆ."

ಎಲ್ಲರೂ ತಿರುಗಿದರು.

"ಪುಟ್ಟಯ್ಯಂದು. ನನ್ನ ತಮ್ಮಂದು."

ಪುಟ್ಟಯ್ಯ ಕುಡಿದು ಭದ್ರಾ ನಾಲೆಗೆ ಬಿದ್ದು ಸತ್ತವನೆಂದು ಮನೆಯಲ್ಲಿ ಮಕ್ಕಳಿಗೂ ಗೊತ್ತಿತ್ತು. ಕುಡಿತ ಬೇಡವೆಂದು ಬುದ್ಧಿ ಹೇಳಲು ಅವನ ಹೆಸರನ್ನೇ ಹೇಳುತ್ತಿದ್ದರು.

"ಅವನು ಒಂದು ತೊಟ್ಟೂ ಕುಡಿದೋನಲ್ಲ" ಎಂದಳು ಹಾಲಮ್ಮ. "ಮುಸ್ಸಂಜೆ ಆದ್ರೆ ದಾರಿ ಕಾಣ್ತಿರಲಿಲ್ಲ. ನಾಲೆ ದಂಡೆ ಮೇಲೆ ಬರ್ತಾ ಕಾಲು ಜಾರ್ತು. ಕುಡುಕ ಅಂತ ನಮ್ಮಪ್ಪನೇ ಹಬ್ಬಿಸಿದ. ಕುಡುಕನ ಮನೆ ಅಂದ್ರೆ ಹೆಣ್ಣು ತರ್ತಾರೆ, ಹೆಣ್ಣು ಕೊಡ್ತಾರೆ. ಕುರುಡಿನ ಮನೆ ಅಂದ್ರೆ ಹೊರಗಿನೋರು ಯಾರು ಹೆಣ್ಣು ತಗೋತಾರೆ?"

ಜಲಜಮ್ಮನ ಕೈಯಲ್ಲಿದ್ದ ಗುಂಡಿ ಜಾರಿ ಉರುಳಿತು. ಯುವರಾಜನ ಮುಂದೆ ತಾನು ಆಡಿದ ಮಾತು ಅಕ್ಷರಕ್ಕಕ್ಷರ ಅದೇ.

"ಆನಂದ ಗೋಡೆ ಹಿಡಿದ ದಿನವೇ ನಿಮಗೆ ಗೊತ್ತಾಗಿತ್ತಾ?"

ಹಾಲಮ್ಮ ತಲೆ ತಗ್ಗಿಸಿದಳು.

"ಅಜ್ಜೀ!" ಮದುವೆಯಾದ ಮೇಲೆ ಆ ಬಾಯಲ್ಲಿ ಆ ಕರೆ ಬಂದದ್ದು ಅದೇ ಮೊದಲು. "ನನ್ನ ಎತ್ತಿ ಆಡಿಸಿದೋಳಲ್ವೇನೇ ನೀನು? ನಿನ್ನ ತಮ್ಮನ್ನ ನಾಲೇಲಿ ಮುಳುಗಿಸಿ, ನನ್ನನ್ನ ಗ್ರಹಣದಲ್ಲಿ ಮುಳುಗಿಸಿದ್ಯಲ್ಲೇ! ಹೆತ್ತ ಮಗನ ಮುಖ ನೆಟ್ಟಗೆ ನೋಡಕ್ಕಾಗದೇ ಬದುಕಿದ್ನಲ್ಲೇ ಇಷ್ಟು ವರ್ಷ!"

ಆನಂದನ ನಗೆಯೂ ಎಲ್ಲೋ ಹೋಗಿತ್ತು. ಆಗಲೇ ಗೇಟಿನ ಸದ್ದಾಯಿತು. ಹುಲಿಗೆಮ್ಮ. "ಜಲಜಕ್ಕಾ, ಮಗಳ ಮದುವೆ ರವಿಕೆ ಆಯ್ತಾ? ತೋರ್ಸು ನೋಡೋಣ!"

ಹಾಲಮ್ಮ ಗಾಬರಿಯಿಂದ ತುಟಿಯ ಮೇಲೆ ಬೆರಳಿಟ್ಟಳು. ಜಲಜಮ್ಮ ಅದನ್ನು ನೋಡಿದಳು. ನೋಡಿಯೇ ಎದ್ದು, ಬಾಗಿಲು ಪೂರಾ ತೆಗೆದು ಹೊಸ್ತಿಲ ಮೇಲೆ ನಿಂತಳು.

"ಮದುವೆ ಇಲ್ಲ ಹುಲಿಗೆಮ್ಮ. ನಿಂತೋಯ್ತು. ನಮ್ಮ ವಂಶದಲ್ಲಿ ಕಣ್ಣಿನ ಕಾಯಿಲೆ ಇದೆ, ಹಿಂದಿನಿಂದ ಬಂದಿದ್ದು. ನಮ್ಮಜ್ಜಿ ತಮ್ಮನಿಗಿತ್ತು, ನನ್ನ ಮಗನಿಗಿದೆ. ನಾಟಕ ಅಲ್ಲ. ಯಾರಿಗೆ ಬೇಕಾದ್ರೂ ಹೇಳು."

ಜಲಜಮ್ಮ ಒಳಗೆ ಬಂದು ಮೇಧಾಳ ಮುಂದೆ ಕೂತು, ಸೆರಗು ಸರಿಸಿ ಬಲಗೈ ಚಾಚಿದಳು.

"ಗ್ರಹಣದಲ್ಲಿ ಕತ್ತರಿ ಹಿಡಿದ ಕೈ ಇದೇ ಮೇಡಂ. ಮೊದಲು ಇದರ ರಕ್ತ ತಗೊಳ್ಳಿ."